ಮುರಿದ ಮುಖವನ್ನು ನೋಡದೆ ಬೆಸೆಯಬೇಡಿ

ಸಂಪಾದಕರಿಗೆ,

ಮಾನ್ಯರೇ,

ತಮ್ಮ ಪತ್ರಿಕೆಯ ಮಂಡ್ಯ ಪುಟದಲ್ಲಿ ಕಳೆದ ವಾರ ಒಂದು ಸಣ್ಣ ಸುದ್ದಿ ಬಂದಿತ್ತು. ಕಬ್ಬು ತುಂಬಿದ್ದ ಟ್ರೇಲರಿನ ಮೂತಿ, ಎಂದರೆ ಟ್ರ್ಯಾಕ್ಟರಿಗೆ ಸಿಕ್ಕಿಸುವ ಮುಂಭಾಗ, ಮುರಿದು, ಟ್ರೇಲರ್ ಟ್ರ್ಯಾಕ್ಟರಿನಿಂದ ಕಳಚಿಕೊಂಡು ರಸ್ತೆ ಬದಿಗೆ ಉರುಳಿತ್ತು. ಸೈಕಲ್ಲಿನಲ್ಲಿ ಹೋಗುತ್ತಿದ್ದ ಒಬ್ಬರ ಕಾಲು ಮುರಿದಿತ್ತು. ‘ವೆಲ್ಡಿಂಗ್ ಬಿಟ್ಟುಕೊಂಡಿದ್ದೇ ಅಪಘಾತಕ್ಕೆ ಕಾರಣ’ ಎಂಬ ಸಾಲಿನೊಂದಿಗೆ ಸುದ್ದಿ ಮುಗಿದಿತ್ತು. ನಲವತ್ತು ವರ್ಷಕ್ಕೂ ಮಿಕ್ಕಿ ಇದೇ ಕೆಲಸ ಮಾಡಿ ಬದುಕಿದ ನನಗೆ ಆ ಸಾಲನ್ನು ಓದಿ ಸುಮ್ಮನಿರಲು ಆಗಲಿಲ್ಲ. ವೆಲ್ಡಿಂಗ್ ಬಿಟ್ಟುಕೊಂಡಿತು ಎನ್ನುವುದು ನಡೆದ ಸಂಗತಿ, ಕಾರಣವಲ್ಲ. ಏಕೆ ಬಿಟ್ಟಿತು ಎಂದು ಯಾರೂ ಕೇಳಿದಂತಿರಲಿಲ್ಲ.

ಆ ಊರು ನಮ್ಮ ಮನೆಯಿಂದ ಹತ್ತು ಹನ್ನೆರಡು ಕಿಲೋಮೀಟರ್. ಮರುದಿನ ಬೆಳಿಗ್ಗೆ ಮೊಪೆಡ್ ಹತ್ತಿ ಹೋದೆ. ಮುರಿದ ತುಂಡನ್ನು ಒಮ್ಮೆ ಕಣ್ಣಾರೆ ನೋಡಬೇಕೆಂಬುದಷ್ಟೇ ನನ್ನ ಆಸೆಯಾಗಿತ್ತು. ಹೋಗಿ ನೋಡಿದರೆ ಟ್ರೇಲರ್ ಆಗಲೇ ಸಿದ್ಧವಾಗಿ ನಿಂತಿತ್ತು. ಅಪಘಾತವಾದ ಸಂಜೆಯೇ ಒಬ್ಬ ಹುಡುಗನನ್ನು ಕರೆಸಿ, ಮುರಿದ ಎರಡು ತುದಿಗಳನ್ನು ಒತ್ತಿ ಹಿಡಿದು, ಮೇಲಿನಿಂದ ಮತ್ತೆ ರಾಡು ಬಿಟ್ಟಿದ್ದರು, ಎಂದರೆ ವೆಲ್ಡಿಂಗ್ ಕಡ್ಡಿ ಕರಗಿಸಿ ಬೆಸೆದಿದ್ದರು. ಅದರ ಮೇಲೆ ಕೆಂಪು ಬಣ್ಣವನ್ನೂ ಬಳಿದಾಗಿತ್ತು. ಮುರಿದಾಗ ಹೇಗೆ ಕಾಣುತ್ತಿತ್ತು ಎಂದು ಮಾಲೀಕರನ್ನು ಕೇಳಿದೆ. ‘ಅದರಲ್ಲಿ ನೋಡುವುದೇನಿದೆ ಯಜಮಾನರೇ, ಕಡಿದ ಕಬ್ಬು ಬಿಸಿಲಿಗೆ ಒಣಗುತ್ತಿತ್ತು’ ಎಂದರು. ಅವರ ಮೇಲೆ ನನಗೆ ಸಿಟ್ಟಿಲ್ಲ. ಕಡಿದ ಕಬ್ಬು ಗಂಟೆಗಂಟೆಗೂ ತೂಕ ಕಳೆದುಕೊಳ್ಳುವುದನ್ನು ಬಲ್ಲವರಿಗೆ ಆ ಅವಸರ ಅರ್ಥವಾಗುತ್ತದೆ. ಆದರೆ ನೋಡುವುದು ಬೇಕಾದಷ್ಟು ಇತ್ತು.

ಕಬ್ಬಿಣ ಮುರಿದ ಜಾಗವನ್ನು ನಾವು ಮುಖ ಎನ್ನುತ್ತೇವೆ. ಆ ಮುಖದಲ್ಲಿ ಸ್ವಲ್ಪ ಭಾಗ ಕಪ್ಪಗೆ ತುಕ್ಕು ಹಿಡಿದು, ಉಳಿದದ್ದು ಹೊಸ ಬೆಳ್ಳಿಯಂತೆ ಹೊಳೆಯುತ್ತಿದ್ದರೆ, ಕಪ್ಪು ಭಾಗ ತಿಂಗಳುಗಟ್ಟಲೆ ಮುಂಚೆಯೇ ಬಿರುಕು ಬಿಟ್ಟು ನೀರು ಕುಡಿದಿದೆ, ಹೊಳೆಯುವ ಭಾಗ ಮಾತ್ರ ಅಂದು ಮುರಿಯಿತು ಎಂದು ತಿಳಿಯಬೇಕು. ಕೆರೆಯ ನೀರು ಇಳಿದಂತೆ ದಂಡೆಯಲ್ಲಿ ಉಳಿಯುವ ಗೆರೆಗಳಂಥ ಗೆರೆಗಳು ಕಂಡರೆ, ಬಿರುಕು ದಿನಕ್ಕಷ್ಟು ದಿನಕ್ಕಷ್ಟು ಮುಂದೆ ಸಾಗಿದೆ ಎಂದರ್ಥ. ಬೆಸೆದ ಕಬ್ಬಿಣದ ತಟ್ಟೆಯ ಅಂಚು ಕರಗದೆ ಕತ್ತರಿಸಿದ ಹಾಗೆಯೇ ನೇರವಾಗಿದ್ದರೆ ರಾಡಿನ ಲೋಹ ಮೇಲೆ ಕುಳಿತಿತ್ತೇ ಹೊರತು ಒಳಗೆ ಇಳಿದೇ ಇರಲಿಲ್ಲ. ಸಣ್ಣ ಸಣ್ಣ ತೂತುಗಳಿದ್ದರೆ ರಾಡು ಒದ್ದೆಯಾಗಿತ್ತೋ, ಪಟ್ಟಿಯ ಮೇಲೆ ಎಣ್ಣೆಯೋ ತುಕ್ಕೋ ಇತ್ತೋ ಎಂದು ಹುಡುಕಬೇಕು. ಇದೆಲ್ಲವೂ ಆ ಕೆಂಪು ಬಣ್ಣದ ಕೆಳಗೆ ಮುಚ್ಚಿಹೋಗಿದೆ. ಅದೇ ಟ್ರೇಲರ್ ಈ ಹಂಗಾಮಿನಲ್ಲಿ ಇನ್ನೂ ಓಡಾಡುತ್ತಿದೆ.

ನಮ್ಮದು ಮಂಡ್ಯ ತಾಲ್ಲೂಕಿನ ಹಳ್ಳಿಯೊಂದರ ಕಮ್ಮಾರಸಾಲೆ. ಏಳನೆಯ ವಯಸ್ಸಿಗೆ ನಾನು ತಿದಿ ಒತ್ತುತ್ತಿದ್ದೆ. ಗಾಡಿಯ ಚಕ್ರಕ್ಕೆ ಕಬ್ಬಿಣದ ಪಟ್ಟಿ ಕಟ್ಟುವಾಗ ಅಪ್ಪ ಪಟ್ಟಿಯ ಎರಡು ತುದಿಗಳನ್ನು ಇಳಿಜಾರಾಗಿ ತಟ್ಟಿ, ಒಂದರ ಮೇಲೊಂದು ಕೂರಿಸಿ, ಕುಲುಮೆಗೆ ಹಾಕುತ್ತಿದ್ದರು. ಕೆಂಪು ಕಾವು ಸಾಲದು. ಬಿಳುಪಿಗೆ ತಿರುಗಿ ಕಿಡಿ ಉದುರಲು ಶುರುವಾಗಬೇಕು. ಆ ಹೊತ್ತಿಗೆ ಒಂದು ಚಿಟಿಕೆ ಹೊಳೆಮರಳು ಎರಚುತ್ತಿದ್ದರು, ಕೆಲವೊಮ್ಮೆ ಬಿಳಿಗಾರ. ಮರಳೇಕೆ ಎಂದು ಕೇಳಿದರೆ ‘ಕೊಳೆ ತೊಳೆಯಲು’ ಎನ್ನುತ್ತಿದ್ದರು. ಕಾದ ಕಬ್ಬಿಣಕ್ಕೆ ಗಾಳಿ ತಾಗಿ ಮೇಲೆ ಕಟ್ಟುವ ಪೊರೆ ಮರಳಿನೊಂದಿಗೆ ಸೇರಿ ಕಿಟ್ಟವಾಗಿ ಕರಗುತ್ತದೆ, ಸುತ್ತಿಗೆಯ ಏಟಿಗೆ ಹೊರಗೆ ಚಿಮ್ಮುತ್ತದೆ, ಆಗ ಶುದ್ಧ ಕಬ್ಬಿಣಕ್ಕೆ ಶುದ್ಧ ಕಬ್ಬಿಣ ಸೇರುತ್ತದೆ ಎಂಬುದು ನನಗೆ ತಿಳಿದದ್ದು ಎಷ್ಟೋ ವರ್ಷಗಳ ಮೇಲೆ. ದೆಹಲಿಯ ಕುತುಬ್ ಮಿನಾರಿನ ಪಕ್ಕದಲ್ಲಿ ನಿಂತಿರುವ, ಆರು ಟನ್ನಿಗೂ ಹೆಚ್ಚು ತೂಗುವ, ಸುಮಾರು 1,600 ವರ್ಷ ಹಳೆಯ ಕಬ್ಬಿಣದ ಕಂಬವೂ ಹೀಗೆಯೇ ಕಾಯಿಸಿ, ಬಡಿದು, ಮುದ್ದೆಗೆ ಮುದ್ದೆ ಬೆಸೆದು ಮಾಡಿದ್ದು.

ಒಂದು ಏಟಿಗೆ ಹಿಡಿಯದ ಬೆಸುಗೆಯನ್ನು ಅಪ್ಪ ಎಂದೂ ಮತ್ತೆ ಬೆಂಕಿಗೆ ತಳ್ಳಿ ಬಡಿಯುತ್ತಿರಲಿಲ್ಲ. ಬಿಡಿಸಿ ನೋಡುತ್ತಿದ್ದರು. ಕೆಟ್ಟ ತುದಿಯನ್ನು ಕತ್ತರಿಸಿ ಎಸೆದು, ಹೊಸದಾಗಿ ಇಳಿಜಾರು ತಟ್ಟಿ, ಮೊದಲಿನಿಂದ ಶುರುಮಾಡುತ್ತಿದ್ದರು. ಎರಡು ಅಂಗುಲ ಪಟ್ಟಿ ಹಾಳಾಯಿತೆಂದು ಗಾಡಿಯ ಯಜಮಾನರು ಗೊಣಗಿದರೂ ಕೇಳುತ್ತಿರಲಿಲ್ಲ. ನಾನು ಈ ಕಾಗದದಲ್ಲಿ ಹೇಳಬೇಕೆಂದಿರುವುದು ಅಷ್ಟನ್ನೇ. ಅಪ್ಪ ಕುಲುಮೆಯ ಮುಂದೆ ಮಾಡುತ್ತಿದ್ದುದನ್ನೇ ಹೊರದೇಶಗಳಲ್ಲಿ ದೊಡ್ಡ ದೊಡ್ಡ ಎಂಜಿನಿಯರುಗಳು ಮಾಡಿದ್ದರಿಂದ ವೆಲ್ಡಿಂಗ್ ಎಂಬ ವಿದ್ಯೆ ಬೆಳೆಯಿತು.

1976ರಲ್ಲಿ ಮೈಸೂರಿನ ಯಾದವಗಿರಿಯ ಒಂದು ವರ್ಕ್‌ಶಾಪಿಗೆ ಸೇರಿದೆ. ಅಲ್ಲಿ ಗ್ಯಾಸ್ ವೆಲ್ಡಿಂಗಿಗೆ ಕಾರ್ಬೈಡ್ ಕಲ್ಲನ್ನು ನೀರಿಗೆ ಹಾಕಿ ಅಸಿಟಿಲಿನ್ ಹುಟ್ಟಿಸುತ್ತಿದ್ದೆವು. ಆ ವಾಸನೆ ಊಟದ ಡಬ್ಬಿಗೂ ಹತ್ತುತ್ತಿತ್ತು. ಮೂಲೆಯಲ್ಲಿ ಎಣ್ಣೆ ತುಂಬಿದ ದೊಡ್ಡ ಟ್ರಾನ್ಸ್‌ಫಾರ್ಮರ್ ಸೆಟ್ ಇತ್ತು. ನಮಗೆ ಕಲಿಸಿದ ಹಿರಿಯ ಮೇಸ್ತ್ರಿಗೆ ರಾಡಿನ ಕಥೆ ಹೇಳುವುದೆಂದರೆ ಬಲು ಪ್ರೀತಿ. ರಷ್ಯಾದಲ್ಲಿ ಬೆನಾರ್ದೋಸ್ ಎಂಬುವರು ಪೋಲೆಂಡಿನ ಓಲ್ಷೆವ್ಸ್ಕಿಯವರ ಜೊತೆ 1880ರ ದಶಕದಲ್ಲಿ ಇದ್ದಿಲ ಕಡ್ಡಿಯಿಂದ ವಿದ್ಯುತ್ ಕಿಡಿ ಹಾರಿಸಿ ಲೋಹ ಕರಗಿಸಿದರು. ಆ ವಿಧಾನಕ್ಕೆ ಗ್ರೀಕರ ಕಮ್ಮಾರ ದೇವರಾದ ಹೆಫೆಸ್ಟಸ್‌ನ ಹೆಸರಿಟ್ಟರು. ‘ಅವನು ಅವರ ವಿಶ್ವಕರ್ಮ ಕಣಯ್ಯ’ ಎಂದು ಮೇಸ್ತ್ರಿ ಹೇಳಿದ್ದು ಇನ್ನೂ ಕಿವಿಯಲ್ಲಿದೆ. 1888ರಲ್ಲಿ ಸ್ಲಾವ್ಯಾನೋವ್ ಎಂಬುವರು ಇದ್ದಿಲ ಬದಲು ಲೋಹದ ಕಡ್ಡಿಯನ್ನೇ ಹಿಡಿದು, ಅದೇ ಕರಗಿ ಬೆಸುಗೆಯಾಗುವಂತೆ ಮಾಡಿದರು. ಆದರೆ ಆ ಬರಿಯ ಕಡ್ಡಿಯ ಬೆಸುಗೆ ಗಾಳಿಯ ಆಮ್ಲಜನಕ, ಸಾರಜನಕಗಳನ್ನು ಹೀರಿಕೊಂಡು ಒಣ ರೊಟ್ಟಿಯಂತೆ ಪಟಕ್ಕನೆ ಮುರಿಯುತ್ತಿತ್ತು.

ಸ್ವೀಡನ್ನಿನ ಆಸ್ಕರ್ ಕೆಲ್‌ಬರ್ಗ್ ಹಡಗಿನ ಬಾಯ್ಲರುಗಳನ್ನು ರಿಪೇರಿ ಮಾಡುತ್ತಿದ್ದವರು. ಬೆಸುಗೆ ಏಕೆ ಮುರಿಯುತ್ತದೆ ಎಂದು ಅವರು ತಲೆಕೆಡಿಸಿಕೊಂಡರು. ಕಬ್ಬಿಣದ ತಂತಿಯನ್ನು ಖನಿಜಗಳ ಗಂಜಿಯಂಥ ಲೇಪದಲ್ಲಿ ಅದ್ದಿ ಒಣಗಿಸಿದರು. 1904ರಲ್ಲಿ ಅದಕ್ಕೆಂದೇ ಕಂಪನಿಯೊಂದನ್ನು ಕಟ್ಟಿದರು. ಆ ಲೇಪ ಉರಿದು ಹೊಗೆಯಾಗಿ ಗಾಳಿಯನ್ನು ದೂರ ತಳ್ಳುತ್ತದೆ, ಕರಗಿ ಕಿಟ್ಟವಾಗಿ ಬೆಸುಗೆಯ ಮೇಲೆ ಹೊದಿಕೆಯಾಗುತ್ತದೆ. ಮೇಸ್ತ್ರಿ ಇದನ್ನು ಹೇಳಿದ ದಿನ ನನಗೆ ಅಪ್ಪನ ಚಿಟಿಕೆ ಮರಳು ನೆನಪಾಗಿ ಮೈ ಜುಮ್ಮೆಂದಿತು. ಮುಂದೆ ಬಂದ ಆರ್ಗಾನ್ ವೆಲ್ಡಿಂಗ್ ಆಗಲಿ, ಈಗ ಬಹಳಷ್ಟು ಕಾರ್ಖಾನೆಗಳಲ್ಲಿರುವ ಸಿಒಟೂ (ಇಂಗಾಲದ ಡೈಆಕ್ಸೈಡ್) ವೆಲ್ಡಿಂಗ್ ಆಗಲಿ, ಮರಳಿನ ಕೆಲಸವನ್ನೇ ಅನಿಲದಿಂದ ಮಾಡಿಸುತ್ತವೆ.

ಇಲ್ಲೊಂದು ಮಾತು ಹೇಳಿಬಿಡುತ್ತೇನೆ. ಕೆಲ್‌ಬರ್ಗ್ ಕಂಪನಿ ಕಟ್ಟುವ ಎರಡು ವರ್ಷ ಮೊದಲೇ, 1902ರಲ್ಲಿ, ನಮ್ಮ ಜಿಲ್ಲೆಯ ಶಿವನಸಮುದ್ರದಲ್ಲಿ ಕಾವೇರಿಯಿಂದ ವಿದ್ಯುತ್ ಹುಟ್ಟಿ ಕೋಲಾರದ ಚಿನ್ನದ ಗಣಿಯವರೆಗೆ ಹೋಗುತ್ತಿತ್ತು. ಅಪ್ಪನ ಸಾಲೆಗೆ ಕರೆಂಟು ಬಂದದ್ದು ನಾನು ಹುಟ್ಟಿ ಎಷ್ಟೋ ವರ್ಷಗಳ ಮೇಲೆ. ಅಷ್ಟು ಹೊತ್ತಿಗೆ ಗಾಡಿಗಳಿಗೆ ಟೈರು ಬಂದು, ಪಟ್ಟಿ ಕಟ್ಟಿಸುವವರೇ ಕಡಿಮೆಯಾಗಿದ್ದರು.

ಎರಡನೆಯ ಮಹಾಯುದ್ಧದಲ್ಲಿ ಅಮೆರಿಕದವರು ಸರಕು ಸಾಗಿಸಲು ಲಿಬರ್ಟಿ ಹಡಗುಗಳೆಂದು 2,710 ಹಡಗುಗಳನ್ನು ಕಟ್ಟಿದರು. ಹಿಂದೆಲ್ಲ ಹಡಗಿನ ತಟ್ಟೆಗಳನ್ನು ನಮ್ಮ ಹಳೆಯ ಆಲೆಮನೆಯ ಕೊಪ್ಪರಿಗೆಯಂತೆ ರಿವೆಟ್ ಹೊಡೆದು ಕೂಡಿಸುತ್ತಿದ್ದರು. ಯುದ್ಧದ ಅವಸರಕ್ಕೆ ಬೆಸುಗೆ ಬಂತು. ಒಂದು ಹಡಗನ್ನಂತೂ ಐದು ದಿನದೊಳಗೆ ಕಟ್ಟಿ ನೀರಿಗಿಳಿಸಿದರು. ಕೆಲವು ಹಡಗುಗಳು ನಡುಸಮುದ್ರದಲ್ಲಿ ಬಿರುಕು ಬಿಡತೊಡಗಿದವು. 1943ರ ಜನವರಿಯಲ್ಲಿ ಸ್ಕೆನೆಕ್ಟಡಿ ಎಂಬ ತೈಲದ ಹಡಗು, ಇದೂ ಬೆಸೆದು ಕಟ್ಟಿದ್ದೇ, ಅಮೆರಿಕದ ಪೋರ್ಟ್‌ಲ್ಯಾಂಡಿನ ಕಟ್ಟೆಯ ಪಕ್ಕ ಅಲುಗಾಡದ ನೀರಿನಲ್ಲಿ ನಿಂತಿದ್ದಾಗಲೇ ದೊಡ್ಡ ಸದ್ದು ಮಾಡಿ ನಡುವೆ ಮುರಿದು ಹೋಯಿತು. ಬಿರುಗಾಳಿ ಇರಲಿಲ್ಲ, ಶತ್ರುವೂ ಇರಲಿಲ್ಲ.

ಅವರೂ ‘ವೆಲ್ಡಿಂಗ್ ಬಿಟ್ಟುಕೊಂಡಿತು’ ಎಂದು ಬರೆದು ಕೈತೊಳೆದುಕೊಳ್ಳಬಹುದಿತ್ತು. ಹಾಗೆ ಮಾಡಲಿಲ್ಲ. ಮುರಿದ ತಟ್ಟೆಗಳನ್ನು ಪರೀಕ್ಷಿಸಿದರು. ಬೆಸುಗೆಯಲ್ಲಿ ದೋಷಗಳು ಸಿಕ್ಕವು, ನಿಜ. ಆದರೆ ಅಷ್ಟೇ ಆಗಿರಲಿಲ್ಲ. ಬೆಚ್ಚಗಿರುವಾಗ ಬಾಗುವ ಆ ಉಕ್ಕು ಚಳಿಯಲ್ಲಿ ಗಾಜಿನಂತೆ ಸೀಳುತ್ತದೆ ಎಂದು ಕೇಂಬ್ರಿಜ್ಜಿನ ಕಾನ್‌ಸ್ಟನ್ಸ್ ಟಿಪ್ಪರ್ ಎಂಬ ವಿಜ್ಞಾನಿ, ಒಬ್ಬ ಹೆಣ್ಣುಮಗಳು, ತೋರಿಸಿಕೊಟ್ಟರು. ಲಿಬರ್ಟಿ ಹಡಗುಗಳ ಅಟ್ಟದ ಮೇಲಿನ ಚೌಕ ಬಾಗಿಲುಗಳ ಮೂಲೆಗಳಲ್ಲಿ ಎಳೆತವೆಲ್ಲ ಒಟ್ಟಾಗಿ ಬಿರುಕು ಹುಟ್ಟುತ್ತಿತ್ತು. ಒಮ್ಮೆ ಹುಟ್ಟಿದರೆ ನಿಲ್ಲಿಸುವವರಿರಲಿಲ್ಲ. ತೇಪೆ ಹಾಕಿದ ಬಟ್ಟೆ ಹರಿದರೆ ಹೊಲಿಗೆಯ ಬಳಿ ನಿಲ್ಲಬಹುದು, ಅಖಂಡ ಬಟ್ಟೆ ಚರ್ರನೆ ಉದ್ದಕ್ಕೂ ಹರಿಯುತ್ತದೆ. ರಿವೆಟ್ಟಿನ ಹಡಗು ತೇಪೆಯ ಬಟ್ಟೆ, ಬೆಸೆದ ಹಡಗು ಅಖಂಡ ಬಟ್ಟೆ. ಇದು ತಿಳಿದ ಮೇಲೆ ಮೂಲೆಗಳನ್ನು ದುಂಡಗೆ ಮಾಡಿದರು, ಉಕ್ಕಿನ ಗುಣವನ್ನೇ ಬದಲಿಸಿದರು. ಇಂದು ಜಗತ್ತಿನ ಹಡಗುಗಳು ಬೆಸುಗೆಯಲ್ಲೇ ನಿಂತಿರುವುದು ಆ ಮುರಿದ ತಟ್ಟೆಗಳನ್ನು ಯಾರೋ ಕೂತು ನೋಡಿದ್ದರಿಂದ.

ಈಗ ನನ್ನದೇ ತಪ್ಪೊಂದನ್ನು ಹೇಳಬೇಕು. ಮಂಡ್ಯದಲ್ಲಿ ಸ್ವಂತ ಅಂಗಡಿ ಹಾಕಿದ ಹೊಸತರಲ್ಲಿ ಒಬ್ಬ ಡ್ರೈವರು ಬಂದು, ನೀರಿನ ಕ್ಯಾನು ನೇತುಹಾಕಲು ಟ್ರೇಲರಿನ ಮೂತಿಯ ಚಾನಲ್ಲಿನ (ಉದ್ದನೆಯ ಉಕ್ಕಿನ ತೊಲೆಯ) ಕೆಳಗೆ ಒಂದು ಕೊಂಡಿ ಬೆಸೆದುಕೊಡಿ ಎಂದು ಕೇಳಿದರು. ಎರಡು ನಿಮಿಷದ ಕೆಲಸ. ದುಡ್ಡೂ ತೆಗೆದುಕೊಳ್ಳಲಿಲ್ಲ. ಮೂರನೆಯ ಹಂಗಾಮಿಗೆ ಆ ಮೂತಿ ಸರಿಯಾಗಿ ಆ ಕೊಂಡಿಯ ಬುಡದಲ್ಲೇ ಮುರಿದು ಟ್ರೇಲರ್ ಗದ್ದೆಗೆ ಇಳಿಯಿತು. ಯಾರಿಗೂ ಪೆಟ್ಟಾಗಲಿಲ್ಲ ಎಂಬುದು ನನ್ನ ಪುಣ್ಯ. ಆ ತುಂಡನ್ನು ಕೊಯ್ದು ಇಟ್ಟುಕೊಂಡಿದ್ದೇನೆ. ಮುಖದ ಕಾಲುಭಾಗ ಕಪ್ಪು, ಉಳಿದದ್ದು ಹೊಳಪು. ಕಪ್ಪಿನ ಬೇರು ನಾನು ಹಾಕಿದ ಕೊಂಡಿಯ ಬೆಸುಗೆಯ ಅಂಚಿನಲ್ಲಿದೆ. ಭಾರ ಹೊರುವ ಯಾವ ಬೆಸುಗೆಯೂ ಬಿಟ್ಟಿರಲಿಲ್ಲ. ಭಾರವೇ ಹೊರದ ಕೊಂಡಿ ಇಡೀ ಚಾನಲ್ಲನ್ನು ಮುರಿದಿತ್ತು. ಪ್ರತಿ ಗುಂಡಿಗೆ, ಪ್ರತಿ ರಸ್ತೆ ಉಬ್ಬಿಗೆ ಮೂತಿ ಒಂದಿಷ್ಟು ಬಾಗಿ ನೆಟ್ಟಗಾಗುತ್ತದೆ. ಆ ಲಕ್ಷ ಬಾಗುಗಳು ಬಿರುಕಿಗೆ ದಾರಿ ಮಾಡಿಕೊಡುತ್ತವೆ.

ಹಲವು ವರ್ಷಗಳ ನಂತರ ಎಂಜಿನಿಯರಿಂಗ್ ಓದುತ್ತಿದ್ದ ನನ್ನ ತಂಗಿಯ ಮಗ ಆ ತುಂಡನ್ನು ನೋಡಿ, ಮಾವ, ಇದೇ ಕಥೆ ಸಮುದ್ರದಲ್ಲೂ ನಡೆದಿದೆ ಎಂದ. 1980ರ ಮಾರ್ಚ್ 27ರಂದು ಉತ್ತರ ಸಮುದ್ರದ ನಾರ್ವೆ ಭಾಗದಲ್ಲಿ ತೈಲ ಕಾರ್ಮಿಕರು ವಾಸವಿದ್ದ ಅಲೆಕ್ಸಾಂಡರ್ ಕೀಲ್ಯಾಂಡ್ ಎಂಬ ತೇಲುವ ವೇದಿಕೆಯ ಐದು ಕಾಲುಗಳಲ್ಲಿ ಒಂದು ಕಳಚಿ, ವೇದಿಕೆ ಮಗುಚಿಕೊಂಡಿತು. ಇದ್ದ 212 ಮಂದಿಯಲ್ಲಿ 123 ಮಂದಿ ಸತ್ತರು. ಕಾರಣ ಹುಡುಕಿದರೆ, ಸದ್ದು ಕೇಳುವ ಸಣ್ಣ ಉಪಕರಣವೊಂದನ್ನು ಕೂರಿಸಲು, ಆ ಕಾಲನ್ನು ಹಿಡಿದಿದ್ದ ಅಡ್ಡಕೊಳವೆಗೆ ಬೆಸೆದ ಹಿಡಿಕೆಯ ಸುತ್ತ ಹಾಕಿದ್ದ 6 ಮಿಲಿಮೀಟರಿನ ಬೆಸುಗೆ. ಅಲ್ಲಿಂದ ಬಿರುಕು ಹೊರಟಿತ್ತು. ಆ ಬಿರುಕಿನ ಒಳಗೆ ಬಣ್ಣ ಸಿಕ್ಕಿತು. ಎಂದರೆ ವೇದಿಕೆಗೆ ಬಣ್ಣ ಬಳಿಯುವ ಮುಂಚೆಯೇ, ಅದು ಸಮುದ್ರ ಕಾಣುವ ಮುಂಚೆಯೇ ಬಿರುಕು ಇತ್ತು. ಕಳೆದ ವಾರ ಆ ಹಳ್ಳಿಯಲ್ಲಿ ಕೆಂಪು ಬಣ್ಣ ಬಳಿದ ಮೂತಿಯ ಮುಂದೆ ನಿಂತಾಗ ನನಗೆ ನೆನಪಾದದ್ದು ಇದೇ.

ನಮ್ಮಲ್ಲೇ ಇದನ್ನು ಸರಿಯಾಗಿ ಮಾಡುವವರಿಲ್ಲವೆಂದಲ್ಲ. ರೈಲ್ವೆಯವರು ಹಳಿಗೆ ಹಳಿ ಕೂಡಿಸುವುದನ್ನು ನೋಡಿ. ಅಲ್ಯೂಮಿನಿಯಂ ಪುಡಿ ಮತ್ತು ಕಬ್ಬಿಣದ ಆಕ್ಸೈಡನ್ನು ಮೂಸೆಯಲ್ಲಿ ಹೊತ್ತಿಸಿ, ಕರಗಿದ ಉಕ್ಕನ್ನು ಎರಡು ಹಳಿಗಳ ನಡುವೆ ಸುರಿಯುತ್ತಾರೆ. ಇದು 1890ರ ದಶಕದಲ್ಲಿ ಜರ್ಮನಿಯ ಹಾನ್ಸ್ ಗೋಲ್ಡ್‌ಸ್ಮಿಟ್ ಕಂಡುಹಿಡಿದ ವಿಧಾನ. ಸುರಿದು ಹೊರಟುಬಿಡುವುದಿಲ್ಲ. ಕಿವಿಗೆ ಕೇಳದ ಸದ್ದಿನ ಅಲೆಗಳನ್ನು ಹಳಿಯೊಳಗೆ ಕಳುಹಿಸಿ ಬಿರುಕು ಇದೆಯೇ ಎಂದು ಪರೀಕ್ಷಿಸುತ್ತಾರೆ. ಆ ಹಳಿಯ ಪಕ್ಕದ ರಸ್ತೆಯಲ್ಲೇ ಶಾಲೆಯ ಮಕ್ಕಳ ಬದಿಯಿಂದ ಹಾದುಹೋಗುವ ಕಬ್ಬಿನ ಟ್ರೇಲರಿನ ಮೂತಿಯನ್ನು ಮಾತ್ರ ಯಾರೂ ಬಗ್ಗಿ ನೋಡುವುದಿಲ್ಲ.

ಕೆಂಪು ಬಣ್ಣದ ಕೆಳಗೆ ಬೆಸೆದ ಹುಡುಗನನ್ನೂ ಹುಡುಕಿ ಮಾತನಾಡಿಸಿದೆ. ಹತ್ತೊಂಬತ್ತು ವರ್ಷ. ಕೈ ಒಳ್ಳೆಯದಿದೆ. ಆದರೆ ಮುಖಕ್ಕೆ ಶೀಲ್ಡ್ ಇಲ್ಲ, ಒಂದು ಕಪ್ಪು ಕನ್ನಡಕವಷ್ಟೇ. ಕಿಡಿ ಹಾರುವಾಗ ಮುಖ ತಿರುಗಿಸಿಕೊಳ್ಳುತ್ತಾನೆ. ರಾತ್ರಿ ಕಣ್ಣಿಗೆ ಮರಳು ಸುರಿದಂತಾಗಿ ನಿದ್ದೆ ಬರುವುದಿಲ್ಲವಂತೆ. ಅವನ ಕಣ್ಣು ಉಳಿಯಬೇಕೆಂಬುದು ಮೊದಲ ಮಾತು. ಜೊತೆಗೆ ಇನ್ನೂ ಒಂದಿದೆ: ಕರಗಿದ ಲೋಹದ ಮಡುವನ್ನು ಕಣ್ಣಿಟ್ಟು ನೋಡದವನಿಗೆ ಬೆಸುಗೆ ಒಳಗಿಳಿಯಿತೋ ಇಲ್ಲವೋ ತಿಳಿಯುವುದಾದರೂ ಹೇಗೆ? ಅವನ ರಾಡಿನ ಪೆಟ್ಟಿಗೆ ಬಾಯಿ ತೆರೆದುಕೊಂಡು ಸಿಮೆಂಟು ನೆಲದ ಮೇಲೆ ಬಿದ್ದಿತ್ತು. ಒದ್ದೆ ರಾಡಿನಿಂದ ಜಲಜನಕ ಬೆಸುಗೆಯೊಳಗೆ ಸೇರುತ್ತದೆ. ದಪ್ಪ ಉಕ್ಕಿನಲ್ಲಿ, ಅದರಲ್ಲೂ ಗುಜರಿಯ ಆಕ್ಸಲ್ಲು, ಸ್ಪ್ರಿಂಗ್ ಪಟ್ಟಿಗಳಂಥ ಗಡಸು ಉಕ್ಕಿನಲ್ಲಿ, ಸಂಜೆ ಚೆನ್ನಾಗಿ ಕಂಡ ಬೆಸುಗೆ ಮರುದಿನದ ಹೊತ್ತಿಗೆ ತಾನೇ ಸೀಳಬಹುದು. ಇದನ್ನು ಅವನಿಗೆ ಯಾರೂ ಹೇಳಿಕೊಟ್ಟಿರಲಿಲ್ಲ. ಹೇಳಿದಾಗ ಶ್ರದ್ಧೆಯಿಂದ ಕೇಳಿಸಿಕೊಂಡ. ಎರಡು ತುಂಡು ಪಟ್ಟಿ ಬೆಸೆದು, ವೈಸಿಗೆ ಕಚ್ಚಿಸಿ, ಸುತ್ತಿಗೆಯಿಂದ ಬಡಿದು ಬಗ್ಗಿಸಿ ತೋರಿಸೆಂದೆ. ಬೆಸುಗೆ ನಡುವೆ ಬಾಯಿ ಬಿಟ್ಟಿತು. ಅವನು ತುಂಬ ಹೊತ್ತು ಅದನ್ನೇ ನೋಡುತ್ತ ಕುಳಿತ. ಎರಡನೆಯದು ಬಗ್ಗಿತು, ಬಿಡಲಿಲ್ಲ.

ಇಷ್ಟನ್ನು ಪ್ರತಿ ಐಟಿಐಯೂ ಊರಿನ ಅಂಗಡಿ ಹುಡುಗರನ್ನು ವರ್ಷಕ್ಕೊಮ್ಮೆ ಕರೆದು ಮಾಡಿಸಬಹುದು. ಖರ್ಚು ಎಂದರೆ ಎರಡು ತುಂಡು ಪಟ್ಟಿ, ನಾಲ್ಕು ರಾಡು. ಸಕ್ಕರೆ ಕಾರ್ಖಾನೆಗಳು ಅರೆಯುವ ಹಂಗಾಮು ಶುರುವಾಗುವ ಮುನ್ನ ತಮ್ಮಲ್ಲಿಗೆ ಬರುವ ಟ್ರೇಲರುಗಳ ಮೂತಿಯನ್ನು ನೋಡುವ ವ್ಯವಸ್ಥೆ ಮಾಡಬೇಕು. ಸಾರಿಗೆ ಅಧಿಕಾರಿಗಳು ಅಪಘಾತದ ವಾಹನವನ್ನು ಪರಿಶೀಲಿಸುವಾಗ ಮುರಿದ ತುಂಡನ್ನು ಕೊಯ್ದು ಇಟ್ಟುಕೊಳ್ಳಬೇಕು, ಅದಕ್ಕಿಂತ ಮೊದಲು ಯಾರೂ ಅದರ ಮೇಲೆ ರಾಡು ಬಿಡದಂತೆ ನೋಡಿಕೊಳ್ಳಬೇಕು. ತಮ್ಮ ವರದಿಗಾರರಲ್ಲಿ ನನ್ನ ವಿನಂತಿ: ಮಗುಚಿದ ಟ್ರೇಲರಿನ ಫೋಟೊದ ಜೊತೆ ಮುರಿದ ಮುಖದ ಫೋಟೊವನ್ನೂ ಹತ್ತಿರದಿಂದ ತೆಗೆಯಿರಿ. ಅದನ್ನು ಓದಬಲ್ಲವರು ಈ ಜಿಲ್ಲೆಯಲ್ಲಿ ಬಹಳ ಮಂದಿ ಇದ್ದೇವೆ.

ಟ್ರೇಲರ್ ಇಟ್ಟುಕೊಂಡಿರುವ ರೈತರು ಮನೆಯಲ್ಲೇ ಮಾಡಬಹುದಾದ ಪರೀಕ್ಷೆಯೊಂದಿದೆ. ಮೂತಿಯ ಬೆಸುಗೆಗಳನ್ನು, ಮುಖ್ಯವಾಗಿ ಕೆಳಭಾಗವನ್ನು, ಬಣ್ಣ ಹೋಗುವಂತೆ ತಂತಿ ಬ್ರಷ್ಷಿನಿಂದ ಉಜ್ಜಿ. ಸೀಮೆಎಣ್ಣೆ ಹಚ್ಚಿ ಅರ್ಧ ಗಂಟೆ ಬಿಡಿ. ಚೆನ್ನಾಗಿ ಒರೆಸಿ ಒಣಗಿಸಿ, ಸೀಮೆಸುಣ್ಣವನ್ನು ತೆಳ್ಳಗೆ ಉಜ್ಜಿ. ಬಿರುಕಿದ್ದರೆ ಒಳಗೆ ಕುಳಿತ ಎಣ್ಣೆ ಮೇಲೆ ಬಂದು ಬಿಳುಪಿನ ಮೇಲೆ ಕಪ್ಪು ಗೆರೆ ಮೂಡುತ್ತದೆ. ಗೆರೆ ಮೂಡಿದರೆ ಅದರ ಮೇಲೆ ಬೆಸೆಯಬೇಡಿ. ಬಿರುಕು ಪೂರ್ತಿ ಹೋಗುವವರೆಗೆ ಗ್ರೈಂಡರಿನಲ್ಲಿ ಕೊರೆದು, ಮತ್ತೊಮ್ಮೆ ಸೀಮೆಸುಣ್ಣ ಹಚ್ಚಿ ಖಚಿತ ಮಾಡಿಕೊಂಡು, ಆಮೇಲೆ ಒಣ ರಾಡಿನಿಂದ ತುಂಬಿಸಿ. ಕ್ಯಾನು, ಟೂಲ್ಸ್ ಪೆಟ್ಟಿಗೆ ಏನೇ ನೇತುಹಾಕಬೇಕಿದ್ದರೂ ಮೂತಿಗೆ ಬೆಸೆಯದೆ ಕ್ಲಾಂಪ್ ಹಾಕಿ ಬೋಲ್ಟು ಬಿಗಿಸಿ.

ನನ್ನ ಅಂಗಡಿಯನ್ನು ಈಗ ಮಗ ನೋಡಿಕೊಳ್ಳುತ್ತಾನೆ. ಈ ಹಂಗಾಮು ಮುಗಿಯುವವರೆಗೆ ಭಾನುವಾರ ಬೆಳಿಗ್ಗೆ ಏಳರಿಂದ ಹತ್ತರವರೆಗೆ ನಾನೇ ಅಲ್ಲಿರುತ್ತೇನೆ. ಟ್ರೇಲರ್ ತಂದವರಿಗೆ ಈ ಪರೀಕ್ಷೆಯನ್ನು ಹಣ ತೆಗೆದುಕೊಳ್ಳದೆ ಮಾಡಿಕೊಡುತ್ತೇನೆ. ಆ ಹತ್ತೊಂಬತ್ತರ ಹುಡುಗನೂ ಬರುತ್ತೇನೆಂದಿದ್ದಾನೆ. ಅವನಿಗೆ ನನ್ನ ಹಳೆಯ ಶೀಲ್ಡಿಗೆ ಹೊಸ ಗಾಜು ಹಾಕಿಸಿ ಕೊಟ್ಟಿದ್ದೇನೆ. ಕೆಂಪು ಬಣ್ಣದ ಟ್ರೇಲರಿನ ಮಾಲೀಕರಿಗೂ ಹೇಳಿ ಬಂದಿದ್ದೇನೆ. ಅವರು ಈ ಕಾಗದ ಓದಿದರೆ, ಮುಂದಿನ ಲೋಡು ತುಂಬುವ ಮೊದಲೇ ಬರಲಿ.

ಇಂತಿ ತಮ್ಮ ವಿಶ್ವಾಸಿ,
ಒಬ್ಬ ಹಿರಿಯ ವೆಲ್ಡರ್,
ಮಂಡ್ಯ